ಸಂಚು ಕಲಿಸಿದ ಕಾಯಿದೆ



ಕಾಯಿದೆ ಮತ್ತು ಕಲೆ ಎರಡನ್ನೂ ಮುಟ್ಟುವ ವಿಷಯವನ್ನೇ ಎತ್ತಿಕೊಳ್ಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತು. ಇಂಥ ಷರತ್ತಿಗೆ ಸಾಮಾನ್ಯವಾಗಿ ಗಂಭೀರ ವಿಷಯಗಳೇ ಒದಗುತ್ತವೆ. ನಾನು ತಂದಿರುವುದು ನಗೆಯ ಸಿನಿಮಾ. ಅದೂ ಗಂಡ ಹೆಂಡಿರು ಒಬ್ಬರ ಜೇಬಿಗೆ ಒಬ್ಬರು ಕೈ ಹಾಕುವ ಸಿನಿಮಾ. ವಿಷಯ ತಿಳಿಸಿದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ‘ಆಗಲಿ ಸರ್’ ಎಂದರು. ಆ ಸ್ವಲ್ಪ ಹೊತ್ತಿಗೆ ಸಮಜಾಯಿಷಿ ಕೊಡುವ ಹೊಣೆ ನನ್ನ ಮೇಲಿದೆ.

ನಾನು ಹೇಳಹೊರಟಿರುವುದು ಇಷ್ಟು. ವಿಚ್ಛೇದನದ ಹಾಸ್ಯಚಿತ್ರಗಳಲ್ಲಿ ಪ್ರೇಮಿಗಳು ಹೂಡುವ ಸಂಚುಗಳು ಚಿತ್ರಕಥೆಗಾರನ ತಲೆಯಲ್ಲಿ ಹುಟ್ಟಿದವೆಂದು ನಾವು ತಿಳಿಯುತ್ತೇವೆ. ಬಹಳಷ್ಟು ಸಲ ಅವನ್ನು ಹೇಳಿಕೊಟ್ಟದ್ದು ಆಯಾ ಊರಿನ, ಆಯಾ ಕಾಲದ ವಿವಾಹ ಕಾಯಿದೆ. ಬಾಗಿಲು ಯಾವ ಕಡೆ ಮುಚ್ಚಿದೆ ಎಂಬುದನ್ನು ನೋಡಿಯೇ ಕಳ್ಳ ಕಿಟಕಿ ಹುಡುಕುತ್ತಾನೆ.

2003ರಲ್ಲಿ ಜೋಯಲ್ ಮತ್ತು ಈಥನ್ ಕೋಯೆನ್ ಸೋದರರು ‘ಇಂಟಾಲರಬಲ್ ಕ್ರೂಯೆಲ್ಟಿ’ ಎಂಬ ಚಿತ್ರ ಮಾಡಿದರು. ‘ಫಾರ್ಗೋ’ ಮಾಡಿದ ಅದೇ ಸೋದರರು. ಈ ಕಥೆ ಮೂಲದಲ್ಲಿ ಅವರದಲ್ಲ. ಬೇರೆಯವರು ಬರೆದದ್ದನ್ನು ತಿದ್ದಿಕೊಡಲು ಒಪ್ಪಿಕೊಂಡವರು ಕಡೆಗೆ ತಾವೇ ನಿರ್ದೇಶಿಸಿದರು. ಅವರ ಅಭಿಮಾನಿಗಳಲ್ಲಿ ಅನೇಕರು ಇದನ್ನು ಕೆಳಗಿನ ಸಾಲಿನಲ್ಲಿ ಕೂರಿಸುತ್ತಾರೆ. ನನ್ನ ಲೆಕ್ಕ ಬೇರೆ.

ಚಿತ್ರ ಶುರುವಾಗುವುದು ಲಾಸ್ ಏಂಜಲೀಸಿನ ಒಂದು ಶ್ರೀಮಂತ ಮನೆಯಲ್ಲಿ. ಟಿವಿ ಧಾರಾವಾಹಿಗಳ ನಿರ್ಮಾಪಕ ಡೊನೊವನ್ ಡೊನಾಲಿ ಹಾಡಿಕೊಳ್ಳುತ್ತ ಕಾರಿನಲ್ಲಿ ಮನೆಗೆ ಬರುತ್ತಾನೆ. ಬಾಗಿಲಲ್ಲಿ ಈಜುಕೊಳ ಶುಚಿಮಾಡುವವನ ವ್ಯಾನು ನಿಂತಿದೆ. ಒಳಗೆ ಹೆಂಡತಿಯ ಜೊತೆ ಆ ಕೆಲಸದವನೂ ಇದ್ದಾನೆ. ಸಮಸ್ಯೆ ಏನೆಂದರೆ ಆ ಮನೆಗೆ ಈಜುಕೊಳವೇ ಇಲ್ಲ. ಜಗಳ ಹತ್ತುತ್ತದೆ. ಗಂಡನಿಗೆ ಬಂದಿದ್ದ ಜೀವಮಾನ ಸಾಧನೆಯ ಪ್ರಶಸ್ತಿ ಫಲಕದ ಚೂಪು ತುದಿಯಿಂದಲೇ ಹೆಂಡತಿ ಅವನ ಹಿಂಭಾಗಕ್ಕೆ ತಿವಿಯುತ್ತಾಳೆ. ನೋವಿನಲ್ಲಿ ಕಿರುಚಾಡುತ್ತಲೇ ಆತ ಮಾಡುವ ಕೆಲಸ ನೋಡಿ: ಕ್ಯಾಮೆರಾ ಹುಡುಕಿ ಗಾಯದ ಫೋಟೊ ತೆಗೆಯುತ್ತಾನೆ. ಡಾಕ್ಟರು ಆಮೇಲೆ, ಸಾಕ್ಷಿ ಮೊದಲು. ಚಿತ್ರದ ಮುಂದಿನ ಕಥೆಯೆಲ್ಲ ಆ ಒಂದು ಕ್ಲಿಕ್ಕಿನಲ್ಲಿ ಅಡಗಿದೆ.

ಇಷ್ಟು ಸಾಕ್ಷಿಯಿದ್ದರೂ ಡೊನೊವನ್ ಸೋಲುತ್ತಾನೆ. ಹೆಂಡತಿಯ ಪರ ನಿಂತವನು ಮೈಲ್ಸ್ ಮ್ಯಾಸಿ, ಅಂದರೆ ಜಾರ್ಜ್ ಕ್ಲೂನಿ. ವಿಚ್ಛೇದನದ ಲಾಯರುಗಳಲ್ಲಿ ಈತನಿಗೆ ಸಮನಿಲ್ಲ. ಹಲ್ಲು ಬಿಳಿಯಾಗಿದೆಯೋ ಇಲ್ಲವೋ ಎಂಬುದೊಂದೇ ಇವನ ಚಿಂತೆ. ಮುಖ ಕಾಣುವ ಯಾವುದರಲ್ಲೂ ಹಲ್ಲು ನೋಡಿಕೊಳ್ಳುತ್ತಾನೆ. ಇವನ ಹೆಸರಿನಲ್ಲಿ ಒಂದು ಕರಾರುಪತ್ರವೇ ಇದೆ. ಮದುವೆಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ‘ಮ್ಯಾಸಿ ಕರಾರು’. ಅದನ್ನು ಯಾವ ಕೋರ್ಟಿನಲ್ಲೂ ಯಾರೂ ಮುರಿಯಲು ಆಗಿಲ್ಲ ಎಂಬುದು ಅದರ ಖ್ಯಾತಿ.

ಇವನಿಗೆ ಎದುರಾಗುವವಳು ಮೆರಿಲಿನ್ ರೆಕ್ಸ್‌ರೋತ್, ಕ್ಯಾಥರೀನ್ ಝೀಟಾ ಜೋನ್ಸ್. ಅವಳ ಗಂಡ ರೆಕ್ಸ್‌ಗೆ ರೈಲಿನ ಹುಚ್ಚು, ಜೊತೆಗೆ ಹೆಂಗಸರ ಹುಚ್ಚು. ಎರಡನ್ನೂ ಒಟ್ಟಿಗೇ ನಡೆಸುವುದು ಆತನ ವೈಶಿಷ್ಟ್ಯ. ಮೆರಿಲಿನ್ ಗಸ್ ಪೆಚ್ ಎಂಬ ಖಾಸಗಿ ಪತ್ತೇದಾರನನ್ನು ಬಿಟ್ಟು ಗಂಡನ ಚೇಷ್ಟೆಗಳ ವಿಡಿಯೊ ಮಾಡಿಸುತ್ತಾಳೆ. ಕೇಸು ಕೈಗೆ ಬಂತು ಎನ್ನುವಾಗ ಮೈಲ್ಸ್ ಒಬ್ಬ ಸಾಕ್ಷಿಯನ್ನು ಕರೆಸುತ್ತಾನೆ. ಹೋಟೆಲಿನಲ್ಲಿ ಅತಿಥಿಗಳ ಬೇಕುಬೇಡ ನೋಡಿಕೊಳ್ಳುವ, ತನ್ನನ್ನು ಬ್ಯಾರನ್ ಎಂದು ಕರೆದುಕೊಳ್ಳುವ ಒಬ್ಬ ವಿಚಿತ್ರ ಆಸಾಮಿ, ಕಂಕುಳಲ್ಲಿ ಪುಟ್ಟ ನಾಯಿ. ‘ದುಡ್ಡಿರುವ, ದಡ್ಡನಾದ, ಹೆಂಗಸರ ಹಿಂದೆ ಬೀಳುವ ಒಬ್ಬ ಗಂಡನನ್ನು ತೋರಿಸಿಕೊಡು’ ಎಂದು ಮೆರಿಲಿನ್ ತನ್ನನ್ನು ಕೇಳಿದ್ದಳು ಎಂಬ ಅರ್ಥದ ಸಾಕ್ಷ್ಯ ನುಡಿಯುತ್ತಾನೆ. ಮೆರಿಲಿನ್ ಬರಿಗೈಯಲ್ಲಿ ಆಚೆ ಬರುತ್ತಾಳೆ.

ಇನ್ನು ಅವಳ ಸರದಿ. ಟೆಕ್ಸಸ್ಸಿನ ಎಣ್ಣೆ ಸಾಹುಕಾರ ಹೊವರ್ಡ್ ಡಾಯ್ಲ್ ಎಂಬವನನ್ನು ಕರೆದುಕೊಂಡು ಮೈಲ್ಸ್‌ನ ಆಫೀಸಿಗೇ ಬರುತ್ತಾಳೆ. ನಮ್ಮ ಮದುವೆಗೆ ನಿಮ್ಮ ಕರಾರೇ ಬೇಕು ಎನ್ನುತ್ತಾಳೆ. ಮದುವೆಯ ದಿನ ಆ ಡಾಯ್ಲ್ ಪ್ರೇಮದ ಆವೇಶದಲ್ಲಿ ಕರಾರುಪತ್ರಕ್ಕೆ ಬಾರ್ಬೆಕ್ಯೂ ಸಾಸ್ ಹಚ್ಚಿಕೊಂಡು ಎಲ್ಲರೆದುರಿಗೆ ತಿಂದುಬಿಡುತ್ತಾನೆ. ಬಿಲ್ಲಿ ಬಾಬ್ ಥಾರ್ನ್‌ಟನ್ ಆ ಹಾಳೆಯನ್ನು ಅಗಿಯುವ ಮುಖಭಾವಕ್ಕಾಗಿಯೇ ಈ ಚಿತ್ರವನ್ನು ಇನ್ನೊಮ್ಮೆ ನೋಡಬಹುದು. ಕರಾರು ಹೊಟ್ಟೆ ಸೇರಿದ ಮೇಲೆ ವಿಚ್ಛೇದನ. ಮೆರಿಲಿನ್ ಈಗ ಭಾರಿ ಶ್ರೀಮಂತೆ ಎಂದು ಮೈಲ್ಸ್ ನಂಬುತ್ತಾನೆ. ಲಾಸ್ ವೇಗಾಸಿನಲ್ಲಿ ವಿಚ್ಛೇದನ ವಕೀಲರ ಸಮ್ಮೇಳನಕ್ಕೆ ಹೋದವನು ಅಲ್ಲೇ ಅವಳನ್ನು ಮದುವೆಯಾಗುತ್ತಾನೆ. ನಿನ್ನ ದುಡ್ಡಿಗೆ ನಾನು ಆಸೆಪಟ್ಟವನಲ್ಲ ಎಂದು ತೋರಿಸಲು ತನ್ನದೇ ಕರಾರಿಗೆ ತಾನೇ ಸಹಿ ಹಾಕುತ್ತಾನೆ. ಅವಳು ಕಣ್ಣು ತುಂಬಿಕೊಂಡು ಅದನ್ನು ಹರಿದುಹಾಕುತ್ತಾಳೆ. ಮರುದಿನ ಆತ ವಕೀಲರ ಸಭೆಯಲ್ಲಿ ಭಾಷಣದ ಹಾಳೆ ಪಕ್ಕಕ್ಕಿಟ್ಟು ಪ್ರೇಮದ ಮಹಿಮೆ ಹಾಡುತ್ತಾನೆ. ಕಟುಕರ ಸಂಘದಲ್ಲಿ ಸಸ್ಯಾಹಾರದ ಉಪದೇಶ ಎಂದುಕೊಳ್ಳಿ. ಆದರೂ ಆ ಗಟ್ಟಿ ಎದೆಯ ಲಾಯರುಗಳು ಕಣ್ಣೊರೆಸಿಕೊಳ್ಳುತ್ತಾರೆ. ಅದಾದ ಸ್ವಲ್ಪ ಹೊತ್ತಿಗೆ ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿರುತ್ತದೆ. ಅದರಲ್ಲಿ ಡಾಕ್ಟರ ಪಾತ್ರ ಮಾಡುತ್ತಿರುವವನು ಎಣ್ಣೆ ಸಾಹುಕಾರ ಡಾಯ್ಲ್. ಬೀದಿಗೆ ಬಿದ್ದಿದ್ದ ಡೊನೊವನ್‌ನ ನೆರವಿನಿಂದ ಮೆರಿಲಿನ್ ತಂದ ಬಾಡಿಗೆ ನಟ ಆತ. ಅವಳ ಹತ್ತಿರ ಕಾಸಿಲ್ಲ, ಹರಿದ ಕರಾರು ಕಾಪಾಡುತ್ತಿದ್ದದ್ದು ಮೈಲ್ಸ್‌ನ ಆಸ್ತಿಯನ್ನು, ಅದರಲ್ಲಿ ಅರ್ಧ ಈಗ ಅವಳದು.

ಕಥೆ ಇಲ್ಲಿಗೆ ನಿಲ್ಲಲಿ. ಮುಂದೆ ಬಾಡಿಗೆ ಕೊಲೆಗಾರನೊಬ್ಬ ಬರುತ್ತಾನೆ, ಆತನಿಗೆ ಉಬ್ಬಸ. ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಇನ್‌ಹೇಲರ್. ಏನಾಗುತ್ತದೆಂದು ನೀವೇ ಊಹಿಸಬಲ್ಲಿರಿ.

ಈಗ ಕಾಯಿದೆಯ ಪುಸ್ತಕ ತೆರೆಯೋಣ. ಸಭೆಯಲ್ಲಿ ವಕೀಲ ಮಿತ್ರರಿದ್ದಾರೆ, ಅವರಿಗೆ ಆಗಲೇ ಒಂದು ಅನುಮಾನ ಬಂದಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಕುಟುಂಬ ಕಾಯಿದೆಗೆ 1969ರಲ್ಲಿ ಸಹಿ ಬಿತ್ತು, 1970ರ ಜನವರಿ 1ರಿಂದ ಜಾರಿಗೆ ಬಂತು. ಯಾರ ತಪ್ಪೆಂದು ಕೋರ್ಟು ಕೇಳುವುದಿಲ್ಲ. ಹೊಂದಿಕೆಯಾಗದಷ್ಟು ಭಿನ್ನಾಭಿಪ್ರಾಯ ಇದೆ ಎಂದರೆ ಸಾಕು. ಅಮೆರಿಕದಲ್ಲಿ ಈ ದಾರಿ ಹಿಡಿದ ಮೊದಲ ರಾಜ್ಯ ಅದು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. ಆತ ಸಿನಿಮಾ ನಟ, ಸ್ವತಃ ಒಂದು ವಿಚ್ಛೇದನ ಕಂಡವನು. ದಾಂಪತ್ಯದಲ್ಲಿ ಗಳಿಸಿದ ಆಸ್ತಿಯನ್ನು ಅಲ್ಲಿ ಸಮನಾಗಿ ಹಂಚುತ್ತಾರೆ. ಅಂದ ಮೇಲೆ 2003ರ ಲಾಸ್ ಏಂಜಲೀಸಿನಲ್ಲಿ ಗಸ್ ಪೆಚ್ ಕ್ಯಾಮೆರಾ ಹಿಡಿದು ಹೋಟೆಲ್ ರೂಮಿಗೆ ನುಗ್ಗುವುದೇಕೆ? ಡೊನೊವನ್ ಗಾಯದ ಫೋಟೊ ಯಾರಿಗೆ ತೋರಿಸಬೇಕು? ಮೆರಿಲಿನ್ ದುಡ್ಡಿಗಾಗಿ ಮದುವೆಯಾದಳೆಂದು ಸಾಬೀತು ಮಾಡಿದರೆ ಆಸ್ತಿಯ ಪಾಲು ತಪ್ಪುವುದು ಯಾವ ಕಲಮಿನಲ್ಲಿ?

ತಪ್ಪು ಹುಡುಕುವುದಕ್ಕಾಗಿ ಇದನ್ನು ಎತ್ತಲಿಲ್ಲ. ಚಿತ್ರದ ಮೊದಲರ್ಧ ನಡೆಯುವುದು 1930ರ ದಶಕದ ಕಾಯಿದೆಯಲ್ಲಿ, ಎರಡನೆಯರ್ಧ 2003ರ ಕಾಯಿದೆಯಲ್ಲಿ. ಕೋಯೆನ್ ಸೋದರರು ಹಳೆಯ ಹಾಲಿವುಡ್ ಹಾಸ್ಯಕ್ಕೆ ಮನಸೋತವರು. ಆ ಹಾಸ್ಯದ ಪತ್ತೇದಾರ, ಹೋಟೆಲ್ ರೂಮು, ಕೋರ್ಟಿನ ನಾಯಿ ಎಲ್ಲವನ್ನೂ ಎತ್ತಿಕೊಂಡು ಬಂದರು. ಅವುಗಳ ಜೊತೆಗೆ ಸತ್ತುಹೋಗಿದ್ದ ಕಾಯಿದೆಯೂ ಬಂತು.

ಆ ಹಳೆಯ ಕಾಯಿದೆ ಎಂಥದ್ದು? ನ್ಯೂಯಾರ್ಕ್ ರಾಜ್ಯದಲ್ಲಿ 1966ರಲ್ಲಿ ತಿದ್ದುವವರೆಗೆ ವಿಚ್ಛೇದನಕ್ಕೆ ಇದ್ದ ಕಾರಣ ಒಂದೇ, ವ್ಯಭಿಚಾರ. ಇಬ್ಬರೂ ಸೇರಿ ‘ನಮಗೆ ಸಾಕಾಗಿದೆ’ ಎಂದರೆ ಅದು ಶಾಮೀಲು, ಅರ್ಜಿ ವಜಾ. ಬೇರೆಯಾಗಲು ಒಪ್ಪಿದವರಿಗೆ ಬೇರೆಯಾಗುವ ಹಕ್ಕಿಲ್ಲ, ಒಪ್ಪದೆ ಕಿತ್ತಾಡುವವರಿಗೆ ಮಾತ್ರ ಬಿಡುಗಡೆ. ಆಗ ಮರ್ಯಾದಸ್ಥ ಗಂಡ ಹೆಂಡಿರು ಏನು ಮಾಡುತ್ತಿದ್ದರು? ಗಂಡ ಒಂದು ಹೋಟೆಲಿನಲ್ಲಿ ರೂಮು ಹಿಡಿಯುತ್ತಿದ್ದ. ಇದೇ ಕೆಲಸಕ್ಕಿರುವ ಒಬ್ಬಾಕೆ ಕೂಲಿಗೆ ಬರುತ್ತಿದ್ದಳು. ಗೊತ್ತುಮಾಡಿದ ಹೊತ್ತಿಗೆ ಫೋಟೊಗ್ರಾಫರ್ ಬಾಗಿಲು ತಳ್ಳುತ್ತಿದ್ದ. ಫೋಟೊ ಆಯಿತು, ಎಲ್ಲರೂ ಕೋಟು ಹಾಕಿಕೊಂಡು ಮನೆಗೆ ಹೊರಟರು. ಇಂಥ ನೂರು ವಿಚ್ಛೇದನಗಳಲ್ಲಿ ‘ಅಪರಿಚಿತ ಹೆಂಗಸು’ ತಾನೇ ಎಂದು ಹೇಳಿಕೊಂಡವಳ ಕಥೆಯನ್ನು 1934ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಅಚ್ಚುಹಾಕಿತ್ತು. ಕೈಯಲ್ಲಿ ಹಣ, ಬಿಡುವು ಎರಡೂ ಇದ್ದವರು ನೆವಾಡಾದ ರೀನೋಗೆ ರೈಲು ಹತ್ತುತ್ತಿದ್ದರು. 1931ರಲ್ಲಿ ನೆವಾಡಾ ವಾಸದ ಅವಧಿಯನ್ನು ಆರು ವಾರಕ್ಕೆ ಇಳಿಸಿತು. ಗಣಿ ಬತ್ತಿದ ಮರುಭೂಮಿಗೆ ವಿಚ್ಛೇದನವೇ ಬೆಳೆ.

ಇಂಗ್ಲೆಂಡಿನಲ್ಲೂ ಇದೇ ಪಾಡು. 1857ರ ಕಾಯಿದೆ ವ್ಯಭಿಚಾರವೊಂದನ್ನೇ ನೆಚ್ಚಿಕೊಂಡಿತ್ತು. ಎ. ಪಿ. ಹರ್ಬರ್ಟ್ ಎಂಬ ಹಾಸ್ಯ ಬರಹಗಾರ 1934ರಲ್ಲಿ ಈ ಹೋಟೆಲ್ ನಾಟಕವನ್ನು ಗೇಲಿಮಾಡಿ ‘ಹೋಲಿ ಡೆಡ್‌ಲಾಕ್’ ಎಂಬ ಕಾದಂಬರಿ ಬರೆದ, ಮರುವರ್ಷ ಪಾರ್ಲಿಮೆಂಟಿಗೆ ಆರಿಸಿ ಬಂದ, 1937ರಲ್ಲಿ ಕಾಯಿದೆಯನ್ನೇ ತಿದ್ದಿಸಿದ. ನಗೆ ಬರಹಗಾರನೊಬ್ಬ ತನ್ನ ಕಾದಂಬರಿಗೆ ಪರಿಹಾರವನ್ನೂ ತಾನೇ ಒದಗಿಸಿದ ಉದಾಹರಣೆ ನನಗೆ ಇದೊಂದೇ ನೆನಪಿಗೆ ಬರುವುದು. ಆ 1857ರ ಕಾಯಿದೆಯ ಅಚ್ಚಿನಲ್ಲೇ ಎರಕ ಹೊಯ್ದದ್ದು ನಮ್ಮ 1869ರ ಭಾರತೀಯ ವಿಚ್ಛೇದನ ಕಾಯಿದೆ. ಇಂಗ್ಲೆಂಡು 1937ರಲ್ಲಿ ಬಿಟ್ಟದ್ದನ್ನು ಮಂಗಳೂರಿನ, ಬೆಂಗಳೂರು ದಂಡಿನ ಕ್ರೈಸ್ತ ದಂಪತಿಗಳು 2001ರ ತಿದ್ದುಪಡಿಯವರೆಗೆ ಹೊತ್ತಿದ್ದರು. ಗಂಡನಾದರೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕು. ಹೆಂಡತಿಗೆ ವ್ಯಭಿಚಾರದ ಜೊತೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸೇರಿಸಿ ತೋರಿಸುವ ಹೊರೆ. ಈ ತಕ್ಕಡಿಯಿಂದ ಯಾವ ಹಾಸ್ಯಚಿತ್ರವೂ ಹುಟ್ಟುವುದು ಕಷ್ಟ.

1934ರಲ್ಲೇ ಫ್ರೆಡ್ ಆಸ್ಟೇರ್, ಜಿಂಜರ್ ರೋಜರ್ಸ್ ಜೋಡಿಯ ‘ದ ಗೇ ಡೈವೋರ್ಸೀ’ ಬಂತು. ಇಂಗ್ಲೆಂಡಿನ ಕಡಲತೀರದ ಹೋಟೆಲು, ಅಲ್ಲಿಗೆ ಸಂಬಳಕ್ಕೆ ಗೊತ್ತುಮಾಡಿದ ‘ಪರಪುರುಷ’, ಇಟಲಿಯ ಟೊನೆಟ್ಟಿ. ತನ್ನ ವೃತ್ತಿಯ ಬಗ್ಗೆ ಅವನಿಗೆ ತುಂಬಾ ಗೌರವ. ನಾಯಕಿ ಆ ಟೊನೆಟ್ಟಿ ಇವನೇ ಎಂದು ಆಸ್ಟೇರನನ್ನು ತಪ್ಪುತಿಳಿಯುತ್ತಾಳೆ. ಕಥೆಯೆಲ್ಲ ಅಷ್ಟೇ, ಉಳಿದದ್ದು ಕುಣಿತ. ಆದರೆ ಆ ತಪ್ಪುತಿಳಿವಳಿಕೆ ಕಾಯಿದೆಯ ಕೊಡುಗೆ ಎಂಬುದನ್ನು ಗಮನಿಸಬೇಕು.

ಇವೆಲ್ಲಕ್ಕಿಂತ ಮೇಲಿನದು 1937ರ ‘ದಿ ಆಫುಲ್ ಟ್ರೂತ್’. ನಿರ್ದೇಶಕ ಲಿಯೊ ಮೆಕ್ಯಾರಿ. ಈತ ಬೆಳಿಗ್ಗೆ ಸೆಟ್ಟಿಗೆ ಬಂದು ಪಿಯಾನೊ ನುಡಿಸುತ್ತ ಕೂತು, ಹೊಳೆದಂತೆ ದೃಶ್ಯ ಕಟ್ಟುತ್ತಿದ್ದ. ನಾಯಕ ಕ್ಯಾರಿ ಗ್ರ್ಯಾಂಟ್‌ಗೆ ಇದು ಎಷ್ಟು ದಿಗಿಲು ಹುಟ್ಟಿಸಿತೆಂದರೆ ತನ್ನನ್ನು ಈ ಚಿತ್ರದಿಂದ ಬಿಡಿಸಿ ಎಂದು ಕಂಪನಿಯ ಯಜಮಾನನ ದುಂಬಾಲು ಬಿದ್ದ. ಬಿಡಿಸಲಿಲ್ಲ. ಮುಂದೆ ನಾವು ಕ್ಯಾರಿ ಗ್ರ್ಯಾಂಟ್ ಎಂದು ಗುರುತಿಸುವ ಆ ನಗೆ, ಆ ಹುಬ್ಬು, ಆ ಅರೆ ಮುಜುಗರ ಈ ಚಿತ್ರದಲ್ಲೇ ಹದಕ್ಕೆ ಬಂತು.

ಚಿತ್ರದಲ್ಲಿ ಗ್ರ್ಯಾಂಟ್‌ನ ಪಾತ್ರ ಜೆರ್ರಿ. ಆತ ಫ್ಲಾರಿಡಾಕ್ಕೆ ಹೋಗಿದ್ದೆನೆಂದು ಹೆಂಡತಿ ಲೂಸಿಗೆ ಹೇಳಿದ್ದಾನೆ. ಹೋಗಿಲ್ಲ, ಬಿಸಿಲಿಗೆ ಮೈ ಕಂದಿದಂತೆ ಕಾಣಲಿ ಎಂದು ಕ್ಲಬ್ಬಿನಲ್ಲಿ ದೀಪದ ಕೆಳಗೆ ಮಲಗಿದ್ದಾನೆ. ಹೆಂಡತಿಗೆ ಒಂದು ಬುಟ್ಟಿ ಕಿತ್ತಳೆ ತಂದಿದ್ದಾನೆ. ಅವಳು ರಾತ್ರಿಯೆಲ್ಲ ಹೊರಗಿದ್ದು ಬೆಳಿಗ್ಗೆ ಸಂಗೀತದ ಮೇಷ್ಟರ ಜೊತೆ ಬರುತ್ತಾಳೆ, ಕಾರು ಕೆಟ್ಟಿತ್ತು ಎನ್ನುತ್ತಾಳೆ. ಇವನಿಗೆ ಅನುಮಾನ. ಅವಳು ಒಂದು ಕಿತ್ತಳೆ ಎತ್ತಿ ತೋರಿಸುತ್ತಾಳೆ. ಅದರ ಸಿಪ್ಪೆಯ ಮೇಲೆ ಕ್ಯಾಲಿಫೋರ್ನಿಯಾದ ಮುದ್ರೆಯಿದೆ. ಇಷ್ಟಕ್ಕೇ ವಿಚ್ಛೇದನ. ಗಂಡ ಎಲ್ಲಿ ಹೋಗಿದ್ದ, ಹೆಂಡತಿ ಎಲ್ಲಿದ್ದಳು ಎಂಬುದನ್ನು ಚಿತ್ರ ಕಡೆಯವರೆಗೂ ಬಿಚ್ಚಿ ಹೇಳುವುದಿಲ್ಲ. ಹೇಳುವಂತೆಯೂ ಇರಲಿಲ್ಲ. 1934ರ ಜುಲೈಯಿಂದ ಜೋಸೆಫ್ ಬ್ರೀನ್ ನೇತೃತ್ವದಲ್ಲಿ ಹಾಲಿವುಡ್ಡಿನ ನೀತಿಸಂಹಿತೆ ಕಟ್ಟುನಿಟ್ಟಾಗಿ ಜಾರಿಗೆ ಬಂದಿತ್ತು. ಕೋರ್ಟು ವ್ಯಭಿಚಾರವನ್ನು ಸಾಬೀತು ಮಾಡು ಎನ್ನುತ್ತಿತ್ತು, ಸೆನ್ಸಾರು ಅದನ್ನು ತೋರಿಸಬೇಡ ಎನ್ನುತ್ತಿತ್ತು. ಎರಡರ ನಡುವಿನ ಸಂದಿನಲ್ಲಿ ಚಿತ್ರಕಥೆ ನುಸುಳಬೇಕು. ಆ ಕಾಲದ ಮಾತಿನ ಚುರುಕಿಗೆ, ಎರಡರ್ಥದ ಕಣ್ಣೋಟಕ್ಕೆ ಇದೂ ಒಂದು ಕಾರಣ.

ಕೋರ್ಟಿನಲ್ಲಿ ಜಗಳ ಮಿಸ್ಟರ್ ಸ್ಮಿತ್ ಎಂಬ ನಾಯಿಗಾಗಿ. ನಾಯಿಯೇ ಆರಿಸಿಕೊಳ್ಳಲಿ ಎನ್ನುತ್ತಾರೆ ಜಡ್ಜು. ಲೂಸಿ ಅದರ ಪ್ರೀತಿಯ ಆಟಿಕೆಯನ್ನು ಬಟ್ಟೆಯಲ್ಲಿ ಬಚ್ಚಿಟ್ಟುಕೊಂಡು ಕರೆಯುತ್ತಾಳೆ. ನಾಯಿ ಅವಳ ಹತ್ತಿರ ಓಡುತ್ತದೆ. ಮಕ್ಕಳಿಲ್ಲದ ದಂಪತಿಗೆ ನಾಯಿಯನ್ನು ಕೊಟ್ಟದ್ದು ಬರೀ ತಮಾಷೆಗಲ್ಲ ಎಂದು ನನ್ನ ಎಣಿಕೆ. ಮಗುವಾಗಿದ್ದರೆ ಆ ಆಟಿಕೆಯ ಮೋಸಕ್ಕೆ ನಾವು ನಗುತ್ತಿರಲಿಲ್ಲ. ಈ ಬಗೆಯ ಚಿತ್ರಗಳಲ್ಲಿ ಮಕ್ಕಳು ಕಾಣುವುದೇ ಅಪರೂಪ. ಕೋಯೆನ್ ಸೋದರರ ಚಿತ್ರದಲ್ಲೂ ಇಲ್ಲ. ಸಂಚು ನಗೆಯಾಗಿ ಉಳಿಯಬೇಕಾದರೆ ಪೆಟ್ಟು ತಿನ್ನುವವರು ದೊಡ್ಡವರೇ ಆಗಿರಬೇಕು, ಅವರ ಜೇಬೂ ದೊಡ್ಡದಿರಬೇಕು.

ಕೋರ್ಟು ಡಿಕ್ರಿ ಕೊಟ್ಟಿದೆ; ಆದರೆ ಅದು ಅಂತಿಮವಾಗಲು ಒಂದು ವಾಯಿದೆ ಇದೆ. ಆ ವಾಯಿದೆಯೇ ಇಡೀ ಚಿತ್ರ. ಗಂಡ ಹೆಂಡಿರು ಈಗ ಗಂಡ ಹೆಂಡಿರೂ ಹೌದು, ಅಲ್ಲವೂ ಹೌದು. ಲೂಸಿ ಒಕ್ಲಹಾಮಾದ ಎಣ್ಣೆ ವ್ಯಾಪಾರಿಯೊಬ್ಬನನ್ನು ಮದುವೆಯಾಗಲು ಹೊರಡುತ್ತಾಳೆ, ಜೆರ್ರಿ ಅಡ್ಡಗಾಲು ಹಾಕುತ್ತಾನೆ. ಜೆರ್ರಿ ಒಬ್ಬ ಶ್ರೀಮಂತ ಹುಡುಗಿಯ ಮನೆಯಲ್ಲಿ ಸಂಬಂಧ ಕುದುರಿಸುತ್ತಿದ್ದರೆ, ಲೂಸಿ ಅವನ ತಂಗಿಯ ವೇಷದಲ್ಲಿ ನುಗ್ಗಿ, ಕುಡಿದವಳಂತೆ ತೂರಾಡಿ, ಆ ಮನೆತನದವರೆಲ್ಲ ಹೌಹಾರುವಂತೆ ಹಾಡಿ ಕುಣಿಯುತ್ತಾಳೆ. ಲೂಸಿಯಾಗಿ ಐರೀನ್ ಡನ್ ಇಲ್ಲಿ ತೋರುವ ನಿರ್ಲಜ್ಜೆಯ ಸೊಗಸನ್ನು ಮಾತಿನಲ್ಲಿ ಹೇಳಲು ನನ್ನಿಂದಾಗದು. ಕೊನೆಯ ರಾತ್ರಿ ಇಬ್ಬರೂ ಹಳ್ಳಿಯ ಒಂದು ಮನೆಯಲ್ಲಿದ್ದಾರೆ. ಅಕ್ಕಪಕ್ಕದ ಕೋಣೆ, ನಡುವೆ ಚಿಲಕ ಸರಿಯಿಲ್ಲದ ಬಾಗಿಲು. ಹನ್ನೆರಡು ಹೊಡೆದರೆ ಡಿಕ್ರಿ ಅಂತಿಮ. ಅಷ್ಟರೊಳಗೆ ಬಾಗಿಲು ದಾಟಬೇಕು: ಹನ್ನೆರಡಕ್ಕೆ ಮುಂಚೆ ದಾಟಿದರೆ ದಾಂಪತ್ಯ, ಆಮೇಲೆ ದಾಟಿದರೆ ಸೆನ್ಸಾರಿನ ಕತ್ತರಿ. ಪ್ರೇಮಕ್ಕೆ ಗಡಿಯಾರ ಕಟ್ಟಿದವರು ಕಾಯಿದೆಯವರು. ಮೆಕ್ಯಾರಿ ಅದಕ್ಕೆ ಕೀಲಿ ಕೊಟ್ಟ. ಆ ವರ್ಷದ ನಿರ್ದೇಶನದ ಆಸ್ಕರ್ ಅವನಿಗೆ ಬಂತು.

ಸ್ಟ್ಯಾನ್ಲಿ ಕ್ಯಾವೆಲ್ ಎಂಬ ತತ್ವಶಾಸ್ತ್ರಜ್ಞ 1981ರಲ್ಲಿ ಇಂಥ ಏಳು ಚಿತ್ರಗಳನ್ನು ಇಟ್ಟುಕೊಂಡು ಒಂದು ಪುಸ್ತಕ ಬರೆದ. ಇವು ಪ್ರೇಮದ ಕಥೆಗಳೆನ್ನುವುದಕ್ಕಿಂತ ಮರುಮದುವೆಯ ಕಥೆಗಳು, ಒಮ್ಮೆ ಕೂಡಿದವರು ಮತ್ತೆ ಕೂಡಲು ತಮ್ಮ ನಡುವಿನ ಮಾತುಕತೆಯನ್ನು ಹೊಸದಾಗಿ ಕಲಿಯುವ ಕಥೆಗಳು ಎಂಬುದು ಅವನ ವಾದ. ಒಳ್ಳೆಯ ವಾದ. ಆದರೆ ಕ್ಯಾವೆಲ್ ಮಿಲ್ಟನ್ ಕವಿಯ ವಿಚ್ಛೇದನ ಪ್ರಬಂಧದವರೆಗೆ ಹೋಗುವಷ್ಟು ಉತ್ಸಾಹದಲ್ಲಿ ಕೋರ್ಟಿನ ಗುಮಾಸ್ತನ ಮೇಜಿನ ಮುಂದೆ ನಿಲ್ಲುವುದಿಲ್ಲ. ಆ ವಾಯಿದೆ ಇಲ್ಲದಿದ್ದರೆ ಮಾತುಕತೆ ಕಲಿಯಲು ಸಮಯವೇ ಸಿಗುತ್ತಿರಲಿಲ್ಲ.

ನಮ್ಮಲ್ಲೂ ಅಂಥದೊಂದು ವಾಯಿದೆ ಇದೆ. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ 13ಬಿ ಕಲಮು ಸೇರಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು. ಮೊದಲ ಅರ್ಜಿಗೂ ಎರಡನೆಯದಕ್ಕೂ ನಡುವೆ ಆರು ತಿಂಗಳು. ಈ ಅವಧಿಯನ್ನು ಸಂದರ್ಭ ನೋಡಿ ಕೋರ್ಟು ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೆಕ್ಯಾರಿಯ ಕೈಗೆ ಈ ಆರು ತಿಂಗಳು ಸಿಕ್ಕಿದ್ದರೆ ಎಂದು ಆಗಾಗ ಅಂದುಕೊಳ್ಳುತ್ತೇನೆ. ನಮ್ಮ ಚಿತ್ರಕಥೆಗಾರರು ಯಾರಾದರೂ ಇಲ್ಲಿದ್ದರೆ ಕಿವಿಗೆ ಹಾಕಿಕೊಳ್ಳಲಿ. ಇನ್ನೊಂದು ಸಂಗತಿ. ಬಾಂಬೆ ಪ್ರಾಂತ್ಯದ 1947ರ ಕಾಯಿದೆಯಿಂದ ಧಾರವಾಡ, ಬೆಳಗಾವಿಯ ಹಿಂದೂಗಳಿಗೆ, ಮದ್ರಾಸಿನ 1949ರ ಕಾಯಿದೆಯಿಂದ ದಕ್ಷಿಣ ಕನ್ನಡದವರಿಗೆ 1955ಕ್ಕೆ ಮುಂಚೆಯೇ ವಿಚ್ಛೇದನದ ದಾರಿ ತೆರೆದಿತ್ತು. ಕಾಯಿದೆಗಳಿಗೂ ಮುಂಚಿನಿಂದ ಅನೇಕ ಸಮುದಾಯಗಳಲ್ಲಿ ದೈವಸ್ಥರ ಮುಂದೆ ಸೋಡಚೀಟಿ ಬರೆದು ಬಿಡುಗಡೆ ಪಡೆಯುವ, ಆಮೇಲೆ ಕೂಡಿಕೆ ಮಾಡಿಕೊಳ್ಳುವ ವಾಡಿಕೆ ಇತ್ತು. 1955ರ ಕಾಯಿದೆ ಇಂಥ ರೂಢಿಗಳನ್ನು ಮುಟ್ಟದೆ ಬಿಟ್ಟಿದೆ. ಸೋಡಚೀಟಿಯ ಮೇಲೆ ಯಾರೂ ಹಾಸ್ಯ ನಾಟಕ ಹೆಣೆಯಲಿಲ್ಲವೆಂದರೆ ನನಗೆ ಆಶ್ಚರ್ಯವಿಲ್ಲ. ಬಾಗಿಲು ತೆರೆದಿದ್ದರೆ ಸಂಚಿಗೆ ಕೆಲಸವೇನು?

ಬಾಗಿಲು ಪೂರ್ತಿ ಮುಚ್ಚಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಸಿಸಿಲಿಗೆ ಹೋಗಬೇಕು. 1961ರಲ್ಲಿ ಪಿಯೆತ್ರೊ ಜೆರ್ಮಿ ‘ಡೈವೋರ್ಸ್ ಇಟಾಲಿಯನ್ ಸ್ಟೈಲ್’ ಮಾಡಿದಾಗ ಇಟಲಿಯಲ್ಲಿ ವಿಚ್ಛೇದನವೇ ಇರಲಿಲ್ಲ. ಆದರೆ ದಂಡಸಂಹಿತೆಯ 587ನೇ ಕಲಮು ಇತ್ತು. ಹೆಂಡತಿಯನ್ನೋ ಮಗಳನ್ನೋ ಸೋದರಿಯನ್ನೋ ಅಕ್ರಮ ಸಂಬಂಧದಲ್ಲಿ ಕಂಡು, ಮಾನ ಹೋಯಿತೆಂಬ ಸಿಟ್ಟಿನಲ್ಲಿ ಕೊಂದರೆ ಶಿಕ್ಷೆ ಮೂರರಿಂದ ಏಳು ವರ್ಷ. ಮಾರ್ಚೆಲ್ಲೊ ಮಾಸ್ತ್ರೊಯಾನಿ ಇಲ್ಲಿ ಬ್ಯಾರನ್ ಫೆಫೆ. ಎಣ್ಣೆ ಹಚ್ಚಿ ಅಂಟಿಸಿದ ಕೂದಲು, ತೆಳು ಮೀಸೆ, ಸುಮ್ಮಸುಮ್ಮನೆ ಸೆಟೆಯುವ ತುಟಿಯ ಮೂಲೆ. ಹದಿಹರೆಯದ ಸೋದರ ಸಂಬಂಧಿ ಆಂಜೆಲಾಳ ಮೇಲೆ ಅವನಿಗೆ ಮೋಹ. ಮನೆಯಲ್ಲಿ ಹೆಂಡತಿ ರೊಸಾಲಿಯಾ ಇದ್ದಾಳೆ, ಪ್ರೀತಿಯಿಂದಲೇ ಕಾಡುತ್ತಾಳೆ. ಅವಳು ಸಾಯುವ ಬಗೆಗಳನ್ನು ಫೆಫೆ ಹಗಲುಗನಸಿನಲ್ಲಿ ಕಾಣುತ್ತಾನೆ: ಸಾಬೂನು ಕುದಿಯುವ ಕೊಪ್ಪರಿಗೆ, ಹೂಳುವ ಮರಳು, ಆಕಾಶಕ್ಕೆ ಹಾರುವ ರಾಕೆಟ್ಟು. ಆಮೇಲೆ ದಂಡಸಂಹಿತೆ ಓದುತ್ತಾನೆ. ಪ್ರಿಯಕರನನ್ನು ಕೊಂದ ಹೆಂಗಸೊಬ್ಬಳ ವಿಚಾರಣೆಗೆ ಹೋಗಿ ಕೂತು, ಆ ಲಾಯರ ವಾಗ್ಝರಿಯನ್ನು ತನ್ನ ಮುಂದಿನ ಕೇಸಿಗೆ ಹೊಂದಿಸಿಕೊಳ್ಳುತ್ತಾನೆ. ಹೆಂಡತಿಯನ್ನು ಕೊಲ್ಲಬೇಕಾದರೆ ಮೊದಲು ಅವಳಿಗೊಬ್ಬ ಪ್ರಿಯಕರ ಬೇಕಲ್ಲ. ಅವಳನ್ನು ಹಿಂದೆ ಮೆಚ್ಚಿದ್ದ ಚಿತ್ರಕಾರ ಕಾರ್ಮೆಲೊನನ್ನು ಚಾವಣಿಯ ಚಿತ್ರ ಸರಿಪಡಿಸುವ ನೆಪದಲ್ಲಿ ಮನೆಗೆ ಕರೆಸುತ್ತಾನೆ. ಇಬ್ಬರನ್ನೂ ಏಕಾಂತದಲ್ಲಿ ಬಿಟ್ಟು ಟೇಪ್ ರೆಕಾರ್ಡರ್ ಬಚ್ಚಿಡುತ್ತಾನೆ.

ನಮ್ಮ ಮೈಲ್ಸ್, ಜೆರ್ರಿ ಇವರೆಲ್ಲ ಫೆಫೆಯ ಮುಂದೆ ಪಾಪದವರು. ನಗುತ್ತಿರುವಾಗಲೇ ಅಂಗೈ ಬೆವರುತ್ತದೆ, ಏಕೆಂದರೆ ರೊಸಾಲಿಯಾ ಸಾಯುವುದು ನಿಜವಾಗಿ. ಇಡೀ ಊರು ಫೆಫೆಯನ್ನು ಗಂಡಸಲ್ಲವೆಂದು ಹಂಗಿಸುತ್ತದೆ, ಗುಂಡು ಹೊಡೆದ ಮೇಲೆ ತಲೆಬಾಗುತ್ತದೆ. ಮೂರು ವರ್ಷದ ಶಿಕ್ಷೆ, ಅದನ್ನೂ ಪೂರ್ತಿ ಅನುಭವಿಸದೆ ಹೊರಗೆ ಬಂದು ಆಂಜೆಲಾಳನ್ನು ಮದುವೆಯಾಗುತ್ತಾನೆ. ಕಡೆಯಲ್ಲಿ ದೋಣಿ, ಬಿಸಿಲು, ಗಂಡನಿಗೆ ಮುತ್ತು ಕೊಡುತ್ತಲೇ ದೋಣಿ ನಡೆಸುವ ಹುಡುಗನ ಕಾಲಿಗೆ ಕಾಲು ಸೋಕಿಸುವ ಹೊಸ ಹೆಂಡತಿ. ಈ ಚಿತ್ರಕಥೆಗೆ ಆಸ್ಕರ್ ಬಂತು. ಇಟಲಿಗೆ ವಿಚ್ಛೇದನ ಬಂದದ್ದು 1970ರ ಡಿಸೆಂಬರಿನಲ್ಲಿ. ಅದನ್ನು ತೆಗೆದುಹಾಕಲು 1974ರ ಮೇನಲ್ಲಿ ಜನಮತ ಕೇಳಿದಾಗ ಸುಮಾರು ಶೇಕಡಾ 59 ಜನ ಇರಲಿ ಎಂದರು. 587ನೇ ಕಲಮು ಮಾತ್ರ 1981ರವರೆಗೆ ಜೀವ ಹಿಡಿದಿತ್ತು. ಸಿನಿಮಾದಿಂದ ಕಾಯಿದೆ ಬದಲಾಯಿತೆಂದು ನಾನು ಹೇಳಲಾರೆ. ಆ ಕಲಮನ್ನು ನಗದೆ ಓದುವುದು ಜೆರ್ಮಿಯ ನಂತರ ಕಷ್ಟವಾಯಿತು ಎಂದಷ್ಟೇ ಹೇಳಬಲ್ಲೆ.

ಇನ್ನು ಮತ್ತೆ ಲಾಸ್ ಏಂಜಲೀಸಿಗೆ. ತಪ್ಪು ಹೊರಿಸುವ ಕಾಯಿದೆ ಹೋಯಿತು, ಶಾಮೀಲಾದರೆ ವಜಾ ಎಂಬ ಭಯ ಹೋಯಿತು. ಯಾರು ಬೇಕಾದರೂ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ಹಾಗಾದರೆ ಸಂಚು ಎಲ್ಲಿ ಉಳಿಯಿತು? ದುಡ್ಡಿನಲ್ಲಿ. ವಿಚ್ಛೇದನದ ಕಾಯಿದೆ ಸಡಿಲವಾದಷ್ಟೂ ಮದುವೆಯ ಕರಾರು ಬಿಗಿಯಾಗುತ್ತ ಹೋಯಿತು. ಜೆರ್ರಿ, ಲೂಸಿ ಬಾಗಿಲಿನ ಚಿಲಕದ ಜೊತೆ ಸೆಣಸಿದರು. ಮೈಲ್ಸ್, ಮೆರಿಲಿನ್ ಸೆಣಸುವುದು ಒಂದು ಹಾಳೆಯ ಜೊತೆ. ಅದನ್ನು ಬರೆಯುವುದು, ಸಹಿ ಹಾಕುವುದು, ತಿನ್ನುವುದು, ಹರಿಯುವುದು, ಮತ್ತೆ ಹರಿಯುವುದು, ಚಿತ್ರದ ಎರಡನೆಯರ್ಧದ ಪ್ರೇಮವ್ಯವಹಾರವೆಲ್ಲ ಇದೇ. ಪತ್ತೇದಾರನ ಭಾಗ ಎರವಲು ತಂದದ್ದು, ಅಲ್ಲಲ್ಲಿ ಜಾಳಾಗಿದೆ. ಹಾಳೆಯ ಭಾಗ ಈ ಚಿತ್ರದ್ದೇ, ಅಲ್ಲಿ ಅದಕ್ಕೆ ಜೀವ ಬರುತ್ತದೆ.

ಮೆರಿಲಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ದುಡ್ಡಿನ ಆಸೆಯ ಹೆಣ್ಣು ಎಂದು ಅವಳನ್ನು ಪಕ್ಕಕ್ಕಿಡುವುದು ಸುಲಭ. ಆದರೆ ಚಿತ್ರದಲ್ಲಿ ಅವಳಿಗೊಬ್ಬ ಗೆಳತಿಯಿದ್ದಾಳೆ, ವಿಚ್ಛೇದನದಿಂದಲೇ ಶ್ರೀಮಂತಳಾದವಳು. ದೊಡ್ಡ ಬಂಗಲೆಯಲ್ಲಿ ಒಂಟಿ, ಜೊತೆಗೆ ಹೊಟ್ಟೆಹುಣ್ಣು. ಮೆರಿಲಿನ್ ಅವಳನ್ನು ನೋಡಿದ್ದಾಳೆ, ಆದರೂ ಅದೇ ದಾರಿ ಹಿಡಿಯುತ್ತಾಳೆ. ಯಾರ ಹಂಗೂ ಇಲ್ಲದ ಬದುಕಿಗೆ ಆ ಊರಿನಲ್ಲಿ ಅವಳಿಗೆ ಕಂಡ ದಾರಿ ಅದೊಂದೇ. 1937ರ ಲೂಸಿಗೆ ಈ ಚಿಂತೆಯಿಲ್ಲ. ಅವಳ ಹತ್ತಿರ ತುಪ್ಪಳದ ಕೋಟಿದೆ, ಅತ್ತೆಯಿದ್ದಾಳೆ, ಫ್ಲಾಟಿದೆ. ಬಾಡಿಗೆ ಯಾರು ಕಟ್ಟುತ್ತಾರೆಂದು ಚಿತ್ರ ಕೇಳುವುದೇ ಇಲ್ಲ. ಆ ಪ್ರಶ್ನೆಯನ್ನು ನಾಚಿಕೆಯಿಲ್ಲದೆ ಕೇಳಿದ್ದಕ್ಕೆ ನಾನು ಮೆರಿಲಿನ್‌ಗೆ ಅಂಕ ಕೊಡುತ್ತೇನೆ. ಕಥೆಯ ತಿರುವನ್ನೂ ನೋಡಿ. ಮೊದಲ ಗಂಡ ರೆಕ್ಸ್ ಹೃದಯಾಘಾತದಿಂದ ಸಾಯುತ್ತಾನೆ, ಉಯಿಲು ತಿದ್ದುವುದನ್ನು ಮರೆತಿರುತ್ತಾನೆ, ಆಸ್ತಿ ಮೆರಿಲಿನ್‌ಗೆ ಬರುತ್ತದೆ. ಒಮ್ಮೆಲೇ ಅವಳು ಮೈಲ್ಸ್‌ಗಿಂತ ಶ್ರೀಮಂತೆ. ಮತ್ತೊಮ್ಮೆ ಲಾಯರುಗಳ ಮೇಜಿನ ಎರಡು ಬದಿ ಕೂತಾಗ ಮೈಲ್ಸ್ ಹಿಂದಿನ ತಾರೀಖಿಗೂ ಅನ್ವಯಿಸುವಂತೆ ಕರಾರಿಗೆ ಸಹಿ ಹಾಕಿ ಕೊಡುತ್ತಾನೆ. ಅವಳು ಅದನ್ನು ಹರಿಯುತ್ತಾಳೆ. ಮೊದಲ ಸಲ ಹರಿದಾಗ ಅದು ಮೋಸ, ಈ ಸಲ ಪ್ರೀತಿ. ಕೈಯ ಕೆಲಸ ಒಂದೇ, ನಡುವೆ ಬದಲಾದದ್ದು ಬ್ಯಾಂಕಿನ ಪುಸ್ತಕ. ಹಿಂದೂ ವಿವಾಹ ಕಾಯಿದೆಯಲ್ಲಿ ಇಂಥ ಕರಾರಿಗೆ ಜಾಗವಿಲ್ಲ, ಅಲ್ಲಿ ಪ್ರೀತಿಯನ್ನು ತೋರಿಸಲು ಹರಿಯುವ ಹಾಳೆಯೂ ಇಲ್ಲ. ನಮ್ಮ ಕಥೆಗಾರರು ಇನ್ನೇನಾದರೂ ಹುಡುಕಬೇಕಾದೀತು.

ಸಂಘಟಕರು ನಾಳೆ ಸಂಜೆ ಈ ಚಿತ್ರಗಳಲ್ಲಿ ಒಂದನ್ನು ತೋರಿಸುವುದಾಗಿ ಹೇಳಿದ್ದಾರೆ, ಯಾವುದೆಂದು ನನ್ನನ್ನೇ ಕೇಳಿದರು. ಸಿಸಿಲಿಯ ಚಿತ್ರ ಎಂದೆ. ಅದರಲ್ಲಿ ಊರಿನವರೆಲ್ಲ ಸೇರಿ ಫೆಲಿನಿಯ ‘ಲಾ ದೊಲ್ಚೆ ವೀತಾ’ ನೋಡಲು ಚಿತ್ರಮಂದಿರಕ್ಕೆ ನುಗ್ಗುವ ಪ್ರಸಂಗ ಬರುತ್ತದೆ. ಆ ಚಿತ್ರದ ನಾಯಕನೂ ಮಾಸ್ತ್ರೊಯಾನಿಯೇ. ಊರೆಲ್ಲ ತೆರೆ ನೋಡುತ್ತಿರುವ ಆ ರಾತ್ರಿಯೇ ರೊಸಾಲಿಯಾ ಮನೆ ಬಿಟ್ಟು ಓಡುವುದು. ಆಗ ಫೆಫೆಯ ತುಟಿಯ ಮೂಲೆಯನ್ನು ನೋಡುತ್ತಿರಿ.